ಮಿರ್ಚಿ ಬಂದ ಹೊತ್ತಿನ ಠರಾವುಗಳು

ಪುರಸಭೆಗೆ ಹೊಸದಾಗಿ ಸೇರಿದ ಇಬ್ಬರು ಸಿಪಾಯಿಗಳು ಮೊನ್ನೆ ನಮ್ಮ ಓಣಿಗೆ ನೋಟೀಸು ಹಂಚಲು ಬಂದಿದ್ದರು. ನಾನು ಕಟ್ಟೆಯ ಮೇಲೆ ಕೂತದ್ದನ್ನು ಕಂಡು ಹತ್ತಿರ ಬಂದು ನಿಂತರು. ಒಬ್ಬ ಕೇಳಿದ: "ಕಾಕಾ, ನೀವು ಮೀಟಿಂಗ್ ಹಾಲಿನ್ಯಾಗ ಇದ್ದವರಂತ. ಅಲ್ಲಿ ನಮ್ದೇನ ಕೆಲಸ ಇರತೈತ್ರಿ? ಬರೇ ನಿಂದ್ರೂದ?"

"ಹೌದು, ನಿಂದ್ರೂದ," ಎಂದೆ. "ಆದ್ರ ಎಲ್ಲಿ ನಿಂದ್ರಬೇಕು ಅನ್ನೂದು ತಿಳ್ಯಾಕ ನನಗ ಬಾಳ ವರ್ಷ ಹಿಡೀತಪಾ."

ಇಬ್ಬರೂ ನಕ್ಕರು. ನಾನು ತಮಾಷೆಗೆ ಹೇಳಿದ್ದೆನೆಂದು ತಿಳಿದರು. ಅವರು ಹೋದ ಮೇಲೆ ಅನಿಸಿತು, ಇದನ್ನು ಕೂತು ಬರೆಯಬೇಕು ಎಂದು. ನನ್ನ ಬರವಣಿಗೆ ದೊಡ್ಡವರ ಹಾಗೆ ಇರುವುದಿಲ್ಲ. ಐದನೇ ಇಯತ್ತೆ ಮುಗಿಸುವಷ್ಟರಲ್ಲಿ ಅಪ್ಪ ನನ್ನನ್ನು ಸಾಲಿ ಬಿಡಿಸಿ ಮಗ್ಗದ ಮುಂದೆ ಕೂರಿಸಿದ. ಆದರೆ ಕಚೇರಿಯಲ್ಲಿ ಬಂದ ಕಾಗದಗಳನ್ನು ಓದಿ ಓದಿ ಅಕ್ಷರ ಉಳಿಸಿಕೊಂಡೆ. ನಾನು ಮಾಡಿದ ಕೆಲಸಕ್ಕೆ ಎಂದೂ ನಾಚಿಕೊಂಡವನಲ್ಲ.

ಊರ ಹೆಸರು ಬರೆಯುವುದಿಲ್ಲ. ಆಗಿನ ಸದಸ್ಯರು ಬಹಳ ಮಂದಿ ಇನ್ನೂ ಇದ್ದಾರೆ, ಸಂತೆಯಲ್ಲಿ ಸಿಕ್ಕರೆ ನಿಲ್ಲಿಸಿ ಮಾತಾಡಿಸುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಈ ಸೀಮೆಯ ಯಾವ ಊರು ಅಂದುಕೊಂಡರೂ ನನ್ನ ತಕರಾರಿಲ್ಲ. ಮಗ್ಗದ ಸದ್ದು, ಕಬ್ಬಿನ ಟ್ರ್ಯಾಕ್ಟರಿನ ಹಾಡು, ಗಟಾರದ ಜಗಳ ಎಲ್ಲ ಕಡೆಯೂ ಅವೇ.

ಮೊದಲು ದಿನಗೂಲಿಯ ಮೇಲೆ ಸೇರಿದೆ, ಆಮೇಲೆ ಕಾಯಂ ಆದೆ. ಆಗ ಸಿಪಾಯಿಗೆ ಪಟ್ಟೇವಾಲಾ ಅನ್ನುತ್ತಿದ್ದರು. ಸಂಬಳ, ಬಡ್ತಿ ಎಲ್ಲರ ಬದುಕಿನಲ್ಲಿಯೂ ಒಂದೇ ಥರ ಇರುತ್ತವೆ, ಆ ಸುದ್ದಿ ಬೇಡ. ನನ್ನನ್ನು ಸಭಾಭವನಕ್ಕೆ ಹಾಕಿದರು. ಕುರ್ಚಿ ಒರೆಸುವುದು, ನೀರು ಇಡುವುದು, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸುವುದು, ಚಹಾ ತರುವುದು. ಅದಕ್ಕೂ ಮೊದಲು, ಸಭೆಯ ವಿಷಯಪಟ್ಟಿಯನ್ನು ಸದಸ್ಯರ ಮನೆ ಮನೆಗೆ ಮುಟ್ಟಿಸುವುದು. ಅದಕ್ಕೆ ನಾವು ಅಜೆಂಡಾ ಅಂತಲೇ ಅನ್ನುತ್ತಿದ್ದೆವು.

ಅಜೆಂಡಾ ಮುಟ್ಟಿಸುವುದು ಸಣ್ಣ ಕೆಲಸ ಅನಿಸಬಹುದು. ನೋಟೀಸು ಮುಟ್ಟಿಲ್ಲವೆಂದು ಒಬ್ಬ ಸದಸ್ಯ ಎದ್ದು ನಿಂತರೆ ಇಡೀ ಸಭೆ ಮುಂದಕ್ಕೆ ಹೋಗುತ್ತಿತ್ತು. ಹಾಗಾಗಿ ಕೆಲವರು ಬೇಕೆಂದೇ ಕೈಗೆ ಸಿಗುತ್ತಿರಲಿಲ್ಲ. ನಾನು ಸೈಕಲ್ ಮೇಲೆ ಬರುವುದನ್ನು ಕಂಡು ಹಿತ್ತಲ ಬಾಗಿಲಿನಿಂದ ಹೊಲಕ್ಕೆ ಹೋದವರುಂಟು. ಒಳಗಿನಿಂದಲೇ "ಅಪ್ಪಾ ಬೀಳಗಿಗೆ ಹೋಗ್ಯಾನ ಅಂತ ಹೇಳ" ಎಂದು ಮಗಳಿಗೆ ಹೇಳಿಕೊಡುತ್ತಿದ್ದ ದನಿ ನನಗೇ ಕೇಳಿದ್ದುಂಟು. ಅಂಥವರ ಬಾಗಿಲಿಗೆ ಇಬ್ಬರು ಪಂಚರನ್ನು ಸಾಕ್ಷಿಗೆ ನಿಲ್ಲಿಸಿ ಅಂಟಿಸಿ ಬರುತ್ತಿದ್ದೆ. ಈಗ ಎಲ್ಲರ ಮೊಬೈಲಿಗೂ ಒಮ್ಮೆಗೇ ಬರುತ್ತದೆ. ಎರಡು ನೀಲಿ ಗೀಟು ಬಿದ್ದರೆ ಓದಿದ ಹಾಗೆ.

ಹೆಣ್ಣುಮಕ್ಕಳಿಗೆ ಸದಸ್ಯತ್ವ ಬಂದ ಮೇಲೆ ಈ ಕೆಲಸ ಬದಲಾಯಿತು. ಅಜೆಂಡಾ ಅವರ ಹೆಸರಿಗೆ, ಸಹಿ ಮಾತ್ರ ಗಂಡಂದಿರದು. ಆಗ ನಮಗೊಬ್ಬರು ಮುಖ್ಯಾಧಿಕಾರಿ ಇದ್ದರು, ವಯಸ್ಸಾದವರು, ಮೆತ್ತಗೆ ಮಾತಾಡುವವರು. ಗಂಡನ ಸಹಿ ಇದ್ದ ಪ್ರತಿಯನ್ನು ನೋಡಿ ನನಗೇ ತಿರುಗಿ ಕೊಟ್ಟರು. "ಗುರಪ್ಪ, ನೋಟೀಸ ಮನಿಗೆ ಕೊಟ್ಟು ಬರೂದಲ್ಲ, ಮನಶ್ಯಾರ ಕೈಯಾಗ ಕೊಟ್ಟು ಬರೂದು. ಹೋಗಿ ಆ ಅವ್ವಾರ ಕೈಲೆ ಸಹಿ ಮಾಡಿಸಿಕೊಂಡ ಬಾ." ಬಿಸಿಲಿನಲ್ಲಿ ಮತ್ತೆ ಸೈಕಲ್ ತುಳಿಯಬೇಕಾಯಿತು, ಬೈದುಕೊಳ್ಳುತ್ತಲೇ ಹೋದೆ. ಅವರ ಕೈಕೆಳಗೆ ಇದ್ದಷ್ಟು ದಿನ ಹಾಗೇ ನಡೆದುಕೊಂಡೆ. ಅವರು ವರ್ಗವಾಗಿ ಹೋದ ಮೇಲೂ ಬಿಡಲಿಲ್ಲ.

ಕಸ್ತೂರೆವ್ವನ ಪರಿಚಯ ಆದದ್ದು ಹಾಗೆ. ಚಿಮ್ಮಡದ ಮಗಳು, ನಮ್ಮ ವಾರ್ಡಿನ ಸೊಸೆ. ಗಂಡ ಈರಪ್ಪ ವಿದ್ಯುತ್ ಮಗ್ಗ ರಿಪೇರಿ ಮಾಡುವವ. ಮೀಸಲಾತಿ ಬಂದಾಗ ಓಣಿಯವರೆಲ್ಲ ಸೇರಿ ಅವಳನ್ನು ನಿಲ್ಲಿಸಿದರು, ಆರಿಸಿ ತಂದರು. ಮೊದಲ ಅಜೆಂಡಾ ತಗೊಂಡು ಹೋದಾಗ ಅವಳು ಕಂಡಿಕೆ ಸುತ್ತುತ್ತ ಕೂತಿದ್ದಳು, ಸೆರಗಿನ ತುಂಬ ನೂಲಿನ ಎಳೆ. ಈರಪ್ಪ ಕೈ ಚಾಚಿದ.

"ಕೊಡ್ರಿ ಗುರಪ್ಪಣ್ಣಾ, ನಾ ಸಹಿ ಮಾಡ್ತೀನಿ."

"ನಿನ್ನ ಸಹಿ ನಡೆಯಂಗಿಲ್ಲೋ. ಮೇಂಬರ್ರ ಸಹಿ ಬೇಕು."

ಅವಳು ಎದ್ದು ಬಂದು ಕಾಗದ ಇಸಿದುಕೊಂಡಳು. ಸಹಿ ಮಾಡುವ ಬದಲು ಓದುತ್ತ ನಿಂತಳು. "ಕಾಕಾ, 'ದರಪಟ್ಟಿ ಅಂಗೀಕಾರ' ಅಂದ್ರ ಏನ್ರಿ?"

"ಸಹಿ ಮಾಡಿ ಕೊಡ ಅತ್ಲಾಗ," ಎಂದ ಈರಪ್ಪ. "ಓದಿ ಏನ ಕಡದು ಹಾಕ್ತಿ?"

"ನೀವು ಮಗ್ಗ ನೋಡ್ಕೋರಿ. ಇದನ್ನ ನಾ ನೋಡ್ತೀನಿ."

ಅಂದಿನಿಂದ ಅವಳ ಮನೆಗೆ ಅಜೆಂಡಾ ಒಯ್ದರೆ ನನಗೆ ಬೇಗ ಬಿಡುಗಡೆ ಇರುತ್ತಿರಲಿಲ್ಲ. ಅವಳು ಓದುವಳು, ತಿಳಿಯದ್ದನ್ನು ನನಗೆ ಕೇಳುವಳು, ನನಗೂ ತಿಳಿಯದಿದ್ದರೆ ಇಬ್ಬರೂ ಕೂತು ವಿಚಾರ ಮಾಡುವುದು.

ಇನ್ನು ಮಿರ್ಚಿಯ ವಿಷಯ. ಹೊಸಬರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಬೇಕು.

ಸಭೆಗೆ ಚಹಾ ಮತ್ತು ಮಿರ್ಚಿ ಭಜಿ ತರಿಸುವುದು ಎಲ್ಲ ಊರಿನಲ್ಲಿಯೂ ಇದೆ. ಯಾವಾಗ ತರಬೇಕು ಅನ್ನುವುದು ಗಡಿಯಾರದ ಮೇಲೆ ಇರಲಿಲ್ಲ, ಅಧ್ಯಕ್ಷರ ಮೇಲೆ ಇತ್ತು. ಪ್ರತಿಯೊಬ್ಬ ಅಧ್ಯಕ್ಷರಿಗೂ ಒಂದೊಂದು ಸನ್ನೆ. ಒಬ್ಬರು ಪೆನ್ನಿನಿಂದ ಟೇಬಲ್ ತಟ್ಟುತ್ತಿದ್ದರು, ಒಬ್ಬರು ಫ್ಯಾನಿನ ಕಡೆ ನೋಡುತ್ತಿದ್ದರು. ನನ್ನ ಕೊನೆಯ ವರ್ಷಗಳಲ್ಲಿ ಅಧ್ಯಕ್ಷರಾಗಿದ್ದವರಿಗೆ ಎಲ್ಲರೂ ಸಾವಕಾರ್ರು ಅನ್ನುತ್ತಿದ್ದರು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರೆ ನಾನು ಪ್ಲೇಟು ಒಳಗೆ ತರಬೇಕು. ತಂದ ಹೊತ್ತಿಗೆ ಯಾವ ವಿಷಯ ನಡೆದಿರುತ್ತದೋ ಅದು ಪಾಸಾಯಿತು ಅಂತಲೇ ಲೆಕ್ಕ. ಎಲ್ಲರ ಕೈಯಲ್ಲಿ ಎಣ್ಣೆ, ಬಾಯಲ್ಲಿ ಖಾರ, ಮುಂದೆ ಹಬೆಯಾಡುವ ಚಹಾ. ಗುಮಾಸ್ತರು ವಿಷಯ ಓದಿ ಮುಗಿಸುವ ಮೊದಲೇ ಅತ್ತಿಂದ ಇತ್ತಿಂದ "ಮಂಜೂರ, ಮಂಜೂರ" ಅನ್ನುವ ದನಿ. ನಡಾವಳಿಯಲ್ಲಿ ಸರ್ವಾನುಮತದ ಠರಾವು ಎಂದು ಬೀಳುತ್ತಿತ್ತು. ಚರ್ಚೆಯಾಗಬಾರದ ವಿಷಯಗಳನ್ನು ಆ ಹೊತ್ತಿಗೆ ಬರುವ ಹಾಗೆ ಅಜೆಂಡಾದಲ್ಲಿ ಕೂರಿಸುತ್ತಿದ್ದರು. ಇದು ಯಾರೂ ಬಾಯಿ ಬಿಟ್ಟು ಹೇಳಿದ ನಿಯಮವಲ್ಲ. ಆಳುವವರ ಪಕ್ಷಕ್ಕೂ ಗೊತ್ತು, ಎದುರು ಪಕ್ಷಕ್ಕೂ ಗೊತ್ತು, ಭಜಿ ಕರಿಯುವವನಿಗೂ ಗೊತ್ತು.

ಇದರಿಂದ ಒಮ್ಮೆ ದೊಡ್ಡ ಫಜೀತಿಯಾಯಿತು. ಸುಗ್ಗಿಯ ದಿನಗಳು, ಕಿಟಕಿ ತೆರೆದಿತ್ತು, ಹೊರಗೆ ಬಾಡಗಂಡಿ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು ಧೂಳೆಬ್ಬಿಸಿ ಹೋದವು. ಸಾವಕಾರ್ರ ಕಣ್ಣಿಗೆ ಧೂಳು ಬಿತ್ತು. ಕನ್ನಡಕ ತೆಗೆದರು, ಒರೆಸಿದರು. ನಾನು ಪ್ಲೇಟು ತಂದೆ. ಆಗ ನಡೆದಿದ್ದ ವಿಷಯ ಬಸ್‌ಸ್ಟ್ಯಾಂಡಿನ ಮುಂದಿನ ಪಾನ್ ಅಂಗಡಿಗಳನ್ನು ತೆಗೆಸುವುದು. ಅದರಲ್ಲಿ ಸಾವಕಾರ್ರ ಅಳಿಯನದೂ ಒಂದಿತ್ತು, ಅದನ್ನು ಮುಂದಿನ ಸಭೆಗೆ ತಳ್ಳಬೇಕು ಅನ್ನುವುದು ಅವರ ಮನಸ್ಸು. ಮಿರ್ಚಿ ಕಂಡ ಸದಸ್ಯರು "ಮಂಜೂರ" ಅಂದೇಬಿಟ್ಟರು. ಸಾವಕಾರ್ರು ಕಣ್ಣು ತಿಕ್ಕಿಕೊಂಡು ನೋಡುವಷ್ಟರಲ್ಲಿ ಗುಮಾಸ್ತರು ಮುಂದಿನ ವಿಷಯಕ್ಕೆ ಹೋಗಿದ್ದರು. ಸಭೆ ಮುಗಿದ ಮೇಲೆ ನನ್ನನ್ನು ಕರೆದರು.

"ಲೇ ಗುರಪ್ಪಾ, ಕಣ್ಣಾಗ ಧೂಳ ಬಿದ್ರೂ ಒರಿಸಿಕೊಳ್ಳಬಾರದೇನಲೇ ನಾ?"

"ಒರಿಸಿಕೋರಿ ಸಾವಕಾರ್ರ. ಕನ್ನಡಕ ಮಾತ್ರ ತಗೀಬ್ಯಾಡ್ರಿ."

ಸಿಟ್ಟಿನಲ್ಲಿದ್ದವರು ನಕ್ಕುಬಿಟ್ಟರು. ಕೆಟ್ಟ ಮನುಷ್ಯರಲ್ಲ. ಮಗಳ ಮನೆಯವರು ಮಾತ್ರ ಎಷ್ಟೋ ದಿನ ಅವರನ್ನು ಮಾತಾಡಿಸಲಿಲ್ಲವಂತೆ.

ಈಗ ಹೊಂಡದ ವಿಷಯಕ್ಕೆ ಬರುತ್ತೇನೆ. ನನ್ನ ಇಡೀ ನೌಕರಿಯಲ್ಲಿ ನೆನಪಿಟ್ಟುಕೊಳ್ಳುವಂಥದ್ದು ಯಾವುದು ಎಂದು ಕೇಳಿದರೆ ಇದೇ.

ನಮ್ಮ ವಾರ್ಡಿನ ಹಿಂದೆ ಒಂದು ಬಯಲು, ಬಯಲಿನ ಕೆಳಗೆ ಹಳೆಯ ಹೊಂಡ. ವರ್ಷದ ಬಹುಪಾಲು ಅಲ್ಲಿ ಹುಡುಗರ ಕ್ರಿಕೆಟ್ಟು, ಒಣಹಾಕಿದ ಸೀರೆ. ಕಬ್ಬು ಕಡಿದು ಮುಗಿಯುವ ಹೊತ್ತಿಗೆ ಕುರಿಗಾರರು ಹೊಳೆಯ ದಂಡೆಯಿಂದ ಎದ್ದು ಲೋಕಾಪುರದ ಆಚೆಯ ಹೊಲಗಳಿಗೆ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಹೊಲದಲ್ಲಿ ರಾತ್ರಿಯಿಡೀ ಕುರಿ ತರುಬಿಸಿ ಗೊಬ್ಬರ ಮಾಡಿಸಿಕೊಳ್ಳುವ ರೈತರು ಅಲ್ಲಿ ಕಾಯುತ್ತಿರುತ್ತಾರೆ. ದಾರಿಯಲ್ಲಿ ನಮ್ಮ ಬಯಲಿನಲ್ಲಿ ಇಳಿದು ಹೊಂಡದಲ್ಲಿ ನೀರು ಕುಡಿಸಿ ಮುಂದೆ ಹೋಗುವುದು ಅವರ ರೂಢಿ. ಬೀರಪ್ಪ ದೇವರ ಒಕ್ಕಲಿನ ಈ ಮಂದಿ ನಮ್ಮ ಸೀಮೆಯವರೇ. ಆ ಬಯಲಿನಲ್ಲಿ ಅವರ ಅಜ್ಜಂದಿರು ಒಲೆ ಹೂಡಿದ ಕಲ್ಲುಗಳು ಇನ್ನೂ ಇದ್ದವು.

ಪುರಸಭೆಯ ನಕ್ಷೆಯಲ್ಲಿ ಆ ಜಾಗಕ್ಕೆ 'ಖಾಲಿ' ಎಂದು ಬರೆದಿತ್ತು. ಕಚೇರಿಯ ಭಾಷೆಯಲ್ಲಿ ಪಟ್ಟಿ, ಅಂದರೆ ತೆರಿಗೆ, ತುಂಬುವವರು ಇಲ್ಲದ ಜಾಗವೆಲ್ಲ ಖಾಲಿಯೇ. ಖಾಲಿ ಎಂದ ಮೇಲೆ ಏನಾದರೂ ತುಂಬಬೇಕಲ್ಲ. ಸುತ್ತ ಕಂಪೌಂಡು ಕಟ್ಟಿ ಉದ್ಯಾನ ಮಾಡಬೇಕೆಂದು ವಿಷಯ ಬಂತು. ಅದನ್ನು ಕೇಳಿದವಳು ಕಸ್ತೂರೆವ್ವನೇ. ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಓಣಿಗಳಲ್ಲಿ ಮನೆಯೂ ಅದೇ, ಮಗ್ಗವೂ ಅದೇ. ಕೂಸುಗಳು ಮಗ್ಗದ ಸಂದಿಯಲ್ಲಿ ಆಡಿ ಬೆಳೆಯುತ್ತವೆ. ಇಡೀ ದಿನ ಆ ಸದ್ದಿನಲ್ಲಿ ಕೂತ ಹೆಣ್ಣುಮಕ್ಕಳಿಗೆ ಸಂಜೆ ಒಂದಿಷ್ಟು ಹೊತ್ತು ಕೂರಲು ಮರದ ನೆರಳು ಬೇಕಿತ್ತು.

ಸುದ್ದಿ ಹೇಗೋ ಮಾಳಪ್ಪನಿಗೆ ಮುಟ್ಟಿತು. ಮಾಳಪ್ಪ ಆ ಕುರಿಗಾರರ ಹಿರಿಯ. ಕೋಲನ್ನು ಹೊರಗೆ ಗೋಡೆಗೆ ಆನಿಸಿ, ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕಚೇರಿಯ ಬಾಗಿಲಲ್ಲಿ ನಿಂತ.

"ಯಣ್ಣಾ, ಹೊಂಡಕ್ಕ ಗ್ವಾಡಿ ಕಟ್ಟತಾರಂತ, ಖರೆ ಏನ್ರಿ?"

"ವಿಷಯ ಬಂದೈತಿ. ಇನ್ನಾ ಏನೂ ಆಗಿಲ್ಲ."

"ಕಾಲವಿ ದಂಡಿಗೆಲ್ಲಾ ಸಿಮೆಂಟ ಹಾಕ್ಯಾರ. ಕುರಿ ಇಳದ್ರ ಜಾರಿ ಒಳಗ ಬೀಳ್ತಾವ. ಹೊಳಿ ಬಿಟ್ಟ ಮ್ಯಾಲ ನಮಗ ನೀರಂದ್ರ ಇದ ಒಂದ ಹೊಂಡ. ಇಲ್ಲಿ ಕುಡೀಲಿಲ್ಲಂದ್ರ ಎಳೀ ಮರಿ ಆ ಕಡೆ ಮುಟ್ಟೂದಿಲ್ಲ. ನೀವೊಂದ ಮಾತ ಹೇಳ್ರಿ, ನೀವು ಒಳಗ ಇರ್ತೀರಲ್ಲ."

"ಒಳಗ ಇರೂದು ಖರೆ. ಅಲ್ಲಿ ಮಾತಾಡೂದು ನನ್ನ ಕೆಲಸ ಅಲ್ಲೋ ಮಾರಾಯ."

"ಮತ್ತ ಯಾರ ಕೆಲಸರಿ?"

ಕಸ್ತೂರೆವ್ವನ ಮನೆ ತೋರಿಸಿ ಕಳಿಸಿದೆ. ಅಜೆಂಡಾ ಕೊಡಲು ಹೋದಾಗ ಅವಳೇ ಹೇಳಿದಳು: "ಕಾಕಾ, ಆ ಕುರಿಗಾರ ಬಂದಿದ್ದ. ನನಗೂ ಉದ್ಯಾನ ಬೇಕಪಾ ಅಂದೆ. ಆತ ಸಿಟ್ಟ ಆಗಲಿಲ್ರಿ. 'ಮಾಡ್ರಿ ತಾಯಿ, ಹುಡುಗೋರು ಆಡ್ಲಿ, ನಾವು ನೀರ ಕುಡಿಸಿ ಹೋಗ್ತೀವಿ' ಅಂದ. ಅಷ್ಟ ಅಂದು ಒಂದ ತಂಬಗಿ ನೀರ ಕುಡದು ಹೋದ." ಕಾಗದವನ್ನು ತಿರುಗಿಸಿ ನೋಡಿ, "ಇದನ್ನ ಕಡೀಕ ಇಟ್ಟಾರ. ಮಿರ್ಚಿ ಹೊತ್ತಿಗೆ ಬರತೈತೇನ್ರಿ?" ಎಂದು ಕೇಳಿದಳು. ಹೌದು ಅಂದೆ.

ಸಭೆಯ ದಿನ ಹಾಗೇ ಆಯಿತು. ಸಾವಕಾರ್ರು ಕನ್ನಡಕ ಒರೆಸಿದರು, ನಾನು ಪ್ಲೇಟು ಹಂಚಿದೆ, ಗುಮಾಸ್ತರು "ಹೊಂಡದ ಪಕ್ಕದ ಖಾಲಿ ಜಾಗೆಗೆ" ಎಂದು ಶುರುಮಾಡಿದರು. "ಮಂಜೂರ" ಎಂದು ಎರಡು ಮೂರು ದನಿ ಎದ್ದವು. ಕಸ್ತೂರೆವ್ವ ತನ್ನ ಪ್ಲೇಟನ್ನು ಕುರ್ಚಿಯ ಕೆಳಗೆ ಇಟ್ಟು ಎದ್ದು ನಿಂತಳು.

"ಅಧ್ಯಕ್ಷರ, ಇದು ನಮ್ಮ ವಾರ್ಡಿನ ವಿಷಯ. ಮಂಜೂರ ಅಂದವರು ಬಾಯಾಗಿಂದು ನುಂಗಿ ಇನ್ನೊಮ್ಮೆ ಹೇಳ್ರಿ."

ಸಭೆಯಲ್ಲಿ ಎಲ್ಲರಿಗಿಂತ ಹಿರಿಯ ಸದಸ್ಯರೊಬ್ಬರಿದ್ದರು, ಎಲ್ಲರೂ ದೇಸಾಯಿ ಕಾಕಾ ಅನ್ನುತ್ತಿದ್ದರು. ಅವರು ನಗುತ್ತ ಅಂದರು: "ಏ ತಂಗಿ, ಮಿರ್ಚಿ ಆರತಾವ ಕುಂದ್ರ. ಉದ್ಯಾನ ಬೇಕು ಅಂದಾಕಿ ನೀನ ಅಲ್ಲೇನು?"

"ನಾ ಕೇಳಿದ್ದು ಉದ್ಯಾನರಿ. ಹೊಂಡ ಮುಚ್ಚರಿ ಅಂದಿಲ್ಲ. ಖಾಲಿ ಜಾಗ ಅಂತ ಬರದಾರ. ವರ್ಷಾ ಕುರಿ ಬಂದು ಇಳೀತಾವ, ಯಾರೂ ನೋಡಿಲ್ಲೇನು?"

"ಕುರಿಗೋಳು ಓಟ ಹಾಕ್ತಾವೇನ ತಂಗಿ?"

ಎಲ್ಲರೂ ನಕ್ಕರು. ಅವಳೂ ನಕ್ಕಳು. "ಉದ್ಯಾನದಾಗ ಬೆಳ್ಯೂ ಹುಲ್ಲೂ ಓಟ ಹಾಕೂದಿಲ್ಲ ಕಾಕಾ."

ಸಾವಕಾರ್ರು ನನಗೆ ಚಹಾ ಸುರಿಯಲು ಕಣ್ಸನ್ನೆ ಮಾಡಿದರು. ಲೋಟದ ಸದ್ದು ಶುರುವಾದರೆ ಅವಳ ಮಾತು ಮುಗಿದ ಹಾಗೆ ಎಂದು ನನಗೆ ಗೊತ್ತಿತ್ತು. ನಾನು ಕಿಟ್ಲಿ ಹಿಡಿದುಕೊಂಡು ಬಾಗಿಲ ಹತ್ತಿರವೇ ನಿಂತೆ. ಸನ್ನೆ ಕಂಡಿಲ್ಲ ಅನ್ನುವ ಹಾಗೆ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅಷ್ಟರಲ್ಲಿ ಇನ್ನಿಬ್ಬರು ಮಹಿಳಾ ಸದಸ್ಯರು ತಮ್ಮ ಪ್ಲೇಟನ್ನು ಕೆಳಗಿಟ್ಟರು. ಎಂದೂ ಬಾಯಿ ಬಿಡದವರು. ಮಾತು ಬೆಳೆಯಿತು. ಕೊನೆಗೆ, ಜಾಗ ನೋಡಿಯೇ ತೀರ್ಮಾನ ಮಾಡುವುದೆಂದಾಯಿತು.

ನೋಡಲು ಬಂದರು. ಬಯಲಿನಲ್ಲಿ ನಿಂತಾಗ ಎಲ್ಲರೂ ಒಳ್ಳೆಯವರಾಗುತ್ತಾರೆ, ಇದನ್ನು ನಾನು ಬಹಳ ಸಲ ನೋಡಿದ್ದೇನೆ. ಮೇಲಿನ ಭಾಗಕ್ಕೆ ಉದ್ಯಾನ, ಹೊಂಡದ ಬದಿಯಲ್ಲಿ ಕುರಿಗಳಿಗೆ ದಾರಿ, ದಾರಿಗೆ ಒಂದು ಗೇಟು. ಎಂಜಿನಿಯರು ಸುಣ್ಣದ ಗೆರೆ ಹಾಕಿ ತೋರಿಸಿದರು. ಕಸ್ತೂರೆವ್ವ ಒಪ್ಪಿದಳು, ಮುಂದಿನ ಸಭೆಯಲ್ಲಿ ಠರಾವಾಯಿತು. ಉದ್ಯಾನ ಚೆನ್ನಾಗಿಯೇ ಆಯಿತು. ಜೋಕಾಲಿ ಬಂದವು, ಕಲ್ಲಿನ ಆಸನ ಬಂದವು. ದ್ವಿಚಕ್ರ ವಾಹನ ನುಗ್ಗುತ್ತವೆಂದು ಹೊಂಡದ ಕಡೆಯ ಗೇಟಿಗೆ ಕೀಲಿ ಹಾಕಿದರು. ಕೀಲಿಕೈ ಯಾರ ಹತ್ತಿರ ಇರಬೇಕು ಅನ್ನುವುದನ್ನು ಯಾರೂ ಕೇಳಲಿಲ್ಲ. ಅಷ್ಟೆಲ್ಲ ಓದುವ ಕಸ್ತೂರೆವ್ವನೂ ಕೇಳಲಿಲ್ಲ. ಕಚೇರಿಯ ವಸ್ತು ಕಚೇರಿಯಲ್ಲಿ ಎಂದು ಅದು ಎಂಜಿನಿಯರರ ಕಪಾಟಿಗೆ ಹೋಯಿತು. ಕುರಿಗಳು ಕಚೇರಿಯ ವೇಳೆ ನೋಡಿಕೊಂಡು ಬರುವುದಿಲ್ಲ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಅವು ಬಂದದ್ದು ಭಾನುವಾರ. ಬೆಳಗಿನ ಬಿಸಿಲು ಏರಿತ್ತು. ಬ್ಯಾ ಬ್ಯಾ ಎನ್ನುವ ಸದ್ದು ಕೇಳಿ ಬನಿಯನ್ನಿನಲ್ಲೇ ಹೊರಗೆ ಬಂದೆ. ಇಡೀ ಹಿಂಡು ಗೇಟಿಗೆ ಒತ್ತಿ ನಿಂತಿತ್ತು. ಎಳೆಯ ಮರಿಗಳು ಕುದುರೆಯ ಮೇಲಿನ ಚೀಲದಿಂದ ತಲೆ ಹೊರಗೆ ಹಾಕಿದ್ದವು. ನೀರಿನ ವಾಸನೆ ಮೂಗಿಗೆ ಬಂದಿದೆ, ಮುಂದೆ ಕಬ್ಬಿಣ. ಹಿಂದಿನವು ಮುಂದಿನವುಗಳ ಮೇಲೆ ಹತ್ತುತ್ತಿದ್ದವು.

"ಗೇಟ ಐತಿ, ಛಲೋ ಆಗೇತಿ," ಎಂದ ಮಾಳಪ್ಪ. "ತಗ್ಯಾವ್ರು ಯಾರ್ರಿ ಯಣ್ಣಾ?"

ಗುಮಾಸ್ತರಿಗೆ ಫೋನ್ ಮಾಡಿದೆ, ಮುಧೋಳಕ್ಕೆ ಮದುವೆಗೆ ಹೋಗಿದ್ದರು. ಎಂಜಿನಿಯರರ ಫೋನ್ ಬಂದ್. ಹೊಸ ಮುಖ್ಯಾಧಿಕಾರಿಗಳು ಫೋನ್ ಎತ್ತಿ, "ನಾಳೆ ಬೆಳಿಗ್ಗೆ ನೋಡೋಣ" ಅಂದರು. ಅಷ್ಟರಲ್ಲಿ ಕಸ್ತೂರೆವ್ವ ಬಂದಳು, ಹಿಂದೆ ಈರಪ್ಪ, ಕೈಯಲ್ಲಿ ಮಗ್ಗದ ಪಾನಾ ಮತ್ತು ಸುತ್ತಿಗೆ. ಅವನು ಕೀಲಿಗೆ ಸುತ್ತಿಗೆ ಎತ್ತಿದ.

"ಕೀಲಿ ಮುಟ್ಟಬ್ಯಾಡ್ರಿ," ಎಂದಳು ಅವಳು. "ಕೀಲಿ ಸರಕಾರದ್ದು. ಆ ಕಡೆ ಬಿಜಾಗರಿ ಬಿಚ್ಚರಿ."

"ಬಿಜಾಗರಿ ನಿಮ್ಮ ತವರಮನಿದೇನ?" ಎಂದು ಗೊಣಗುತ್ತಲೇ ಅವನು ತಿರುಪು ಬಿಚ್ಚಿದ. ಬಿಚ್ಚಿದ ಮೇಲೆ ಗೇಟು ಅವನೊಬ್ಬನಿಂದ ಏಳಲಿಲ್ಲ. "ಗುರಪ್ಪಣ್ಣಾ, ನೋಡ್ಕೋತ ನಿಂತೀರಿ, ಹಿಡೀರಲ್ಲ!" ಎಂದ. ನಾನು ಕಂಬದ ಆ ಬದಿಗೆ ಹೋಗಿ ಹಿಡಿದೆ. ಇಬ್ಬರೂ ಎತ್ತಿ ನೆಲಕ್ಕೆ ಮಲಗಿಸಿದೆವು, ಕೀಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಕುರಿಗಳು ನಮ್ಮ ಕಾಲಿನ ಮೇಲೆಯೇ ಹಾದು ಇಳಿದವು. ಉದ್ಯಾನದಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು ಮೂಗಿಗೆ ಸೆರಗು ಹಿಡಿದು, "ಇನ್ನೂ ಮುಗೀಲಿಲ್ಲೇನ ನಿಮ್ಮ ಕುರಿ ಸಂತಿ" ಎಂದು ಕೊನೆಯವರೆಗೂ ಬೈಯುತ್ತಿದ್ದಳು.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಊರ ತುಂಬ ಹರಿದಾಡಿತು. ಅದರಲ್ಲಿ ಈರಪ್ಪ ಗೇಟು ಎತ್ತುವುದು ನಿಚ್ಚಳವಾಗಿ ಕಾಣುತ್ತಿತ್ತು. ನಾನು ಕಂಬದ ಮರೆಯಲ್ಲಿದ್ದೆ.

ಮುಂದಿನ ಅಜೆಂಡಾದಲ್ಲಿ ಕೊನೆಯ ವಿಷಯ ಹೀಗಿತ್ತು: ಸದಸ್ಯೆಯ ಪತಿ ಪುರಸಭೆಯ ಆಸ್ತಿಗೆ ಹಾನಿ ಮಾಡಿದ್ದಕ್ಕೆ ಪೊಲೀಸರಿಗೆ ದೂರು ಕೊಡುವುದು, ಮತ್ತು ಹೊಂಡದ ಕಡೆಯ ದಾರಿಯನ್ನು ಕಾಯಂ ಮುಚ್ಚುವುದು. ನಾನು ಮನೆ ಮನೆಗೆ ಒಯ್ದ ಕಡೆಯ ಅಜೆಂಡಾ ಅದು. ಮುಂದಿನ ತಿಂಗಳು ನನ್ನ ನಿವೃತ್ತಿ. ಕಸ್ತೂರೆವ್ವ ಹೊಸ್ತಿಲಲ್ಲಿ ನಿಂತು ಪೂರಾ ಓದಿದಳು. ಈರಪ್ಪ ಅಂದು ತಮಾಷೆ ಮಾಡಲಿಲ್ಲ.

"ಕಾಕಾ, ಇದರಾಗ ನಿಮ್ಮ ಹೆಸರಿಲ್ಲ."

"ಇಲ್ಲ."

"ಇರಲಿ ಬಿಡ್ರಿ. ನೀವು ಮನಿಗೆ ಹೋಗಾವ್ರು, ಪಿಂಚಣಿ ಕಾಗದ ಅವ್ರ ಕೈಯಾಗ ಐತಿ." ಸಹಿ ಮಾಡಿ ಕೊಟ್ಟಳು. "ದಾರಿ ಮುಚ್ಚತಾರಲ್ರಿ, ಅದರದ ಚಿಂತಿ. ಆತ ಮುಂದಿನ ವರ್ಷ ಹಿಂಡ ತಗೊಂಡ ಬಂದು ಗ್ವಾಡಿ ಮುಂದ ನಿಂದರ್ತಾನ."

ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡೇ ಕಚೇರಿಗೆ ಹೋದೆ. ಅವಳು ನನ್ನನ್ನು ಬಿಟ್ಟುಕೊಟ್ಟಿದ್ದರೆ ಸಿಟ್ಟಾದರೂ ಬರುತ್ತಿತ್ತು. ಇರಲಿ ಬಿಡ್ರಿ ಅಂದದ್ದು ನನಗೆ ಸಹಿಸಲಾಗಲಿಲ್ಲ. ಯಾರ ಹಿಂದೆಯೂ ಅಡಗಿ ಕೆಲಸ ಮಾಡಿದವನಲ್ಲ ನಾನು.

ಸಭೆ ನಡೆಯಿತು. ಕೊನೆಯ ವಿಷಯ ಬಂತು, ಕನ್ನಡಕ ಒರೆಸಿದ್ದಾಯಿತು, ಮಿರ್ಚಿ ಹಂಚಿದ್ದಾಯಿತು. ಕಸ್ತೂರೆವ್ವ ಎದ್ದಳು. "ಬಿಚ್ಚಿಸಿದಾಕಿ ನಾನು. ದೂರು ನನ್ನ ಮ್ಯಾಲ ಕೊಡ್ರಿ, ದಾರಿ ಮುಚ್ಚಬ್ಯಾಡ್ರಿ" ಎಂದಳು. ಮುಖ್ಯಾಧಿಕಾರಿಗಳು ವಿಡಿಯೋದಲ್ಲಿ ಇರುವುದು ಈರಪ್ಪ ಒಬ್ಬನೇ, ಕಾನೂನು ಕಾನೂನೇ ಅಂದರು. ಹಿಂದಿನ ಸಾಲಿನಿಂದ "ಮಂಜೂರ" ಎಂದು ಒಂದು ದನಿ ಬಂತು.

ನಾನು ಕಿಟ್ಲಿ ಕೆಳಗಿಟ್ಟೆ.

"ಸಾವಕಾರ್ರ, ಅದರಾಗ ಒಂದ ಹೆಸರ ಬಿಟ್ಟೈತ್ರಿ."

ಯಾರು ಮಾತಾಡಿದರೆಂದು ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಸಿಪಾಯಿಯ ದನಿ ಆ ಹಾಲಿನಲ್ಲಿ ಅವರು ಕೇಳಿದವರೇ ಅಲ್ಲ.

"ಯಾರದಲೇ?" ಎಂದರು ಸಾವಕಾರ್ರು.

"ನಂದ್ರಿ. ಆ ಗೇಟು ಒಬ್ಬರ ಕೈಲೆ ಏಳೂದಲ್ರಿ. ಒಂದ ಕಡೆ ಈರಪ್ಪ ಹಿಡದಿದ್ದ, ಇನ್ನೊಂದ ಕಡೆ ನಾ ಹಿಡದಿದ್ದೆ. ಕಂಬದ ಹಿಂದ ಇದ್ದೆ, ಅದಕ್ಕ ಕಂಡಿಲ್ಲ."

"ಗುರಪ್ಪ, ನಿನಗ ಮಾತಾಡು ಅಂತ ಯಾರು ಹೇಳಿದ್ರು? ಹೊರಗ ಹೋಗಿ ನಿಂದ್ರ," ಎಂದರು ಮುಖ್ಯಾಧಿಕಾರಿಗಳು.

"ನಿಂದರ್ತೀನ್ರಿ ಸಾಹೇಬ್ರ. ಹೆಸರ ಬರಕೋರಿ."

ಹೊರಗೆ ಹೋಗಿ ನಿಂತೆ. ಬಾಗಿಲು ಅರ್ಧ ತೆರೆದಿತ್ತು. ದೇಸಾಯಿ ಕಾಕಾನ ದನಿ ಕೇಳಿತು: "ಸಿಪಾಯಿನ್ನ ಠಾಣೆಕ್ಕ ಕಳಿಸಿದ್ರ ಚಹಾ ಯಾರ್ರಿ ಕೊಡಾವ್ರು?" ನಗೆ ಎದ್ದಿತು. ನಗೆ ಮುಗಿದ ಮೇಲೆ ಅದೇ ದನಿ, ಈ ಸಲ ಗಟ್ಟಿಯಾಗಿ: "ನಗೂದು ಇರಲಿ. ದಾರಿ ಅಂತ ನಾವ ಠರಾವ ಮಾಡೇವಿ, ಕೀಲಿ ಹಾಕಿ ಕುಂತವರು ನಾವ. ತಪ್ಪ ಯಾರದು? ಗೇಟ ಬ್ಯಾಡ. ಎರಡ ಕಲ್ಲ ಒತ್ತಿ ಹುಗೀರಿ. ಗಾಡಿ ಬರೂದಿಲ್ಲ, ಕುರಿ ಬರತಾವ."

"ಕೈ ಎತ್ತರಿ ಮತ್ತ," ಎಂದಳು ಕಸ್ತೂರೆವ್ವ. "ಎಣ್ಣಿ ಒರಿಸಿಕೊಂಡು ಎತ್ತರಿ."

ಎಲ್ಲರೂ ಎತ್ತಲಿಲ್ಲ. ಸಾಕಾಗುವಷ್ಟು ಕೈ ಎದ್ದವು. ದೂರಿನ ಮಾತು ಅಲ್ಲಿಗೇ ಬಿದ್ದುಹೋಯಿತು. ನನಗೊಂದು ಮೆಮೊ ಬಂತು, ಸಭೆಯಲ್ಲಿ ಅನುಮತಿಯಿಲ್ಲದೆ ಮಾತಾಡಿದ್ದೇಕೆ ಎಂದು. ನನ್ನನ್ನು ಕೇಳುವವರು ಇರಲಿಲ್ಲ, ಹೇಳಬೇಕಾಗಿತ್ತು, ಹೇಳಿದೆ ಎಂದು ನನ್ನ ಕೈಯಿಂದಲೇ ಬರೆದುಕೊಟ್ಟೆ. ಪಿಂಚಣಿಯ ಕಾಗದ ಸ್ವಲ್ಪ ತಡವಾಗಿ ಬಂತು, ಬಂತಲ್ಲ.

ಹೊಸಬರಿಗೆ ನಾನು ಹೇಳುವುದು, ಹೀಗೇ ಮಾಡಿರಿ ಎಂದಲ್ಲ. ದಿನಾ ಹೀಗೆ ಮಾಡಿದರೆ ನೌಕರಿ ಉಳಿಯುವುದಿಲ್ಲ. ಆದರೆ ಪ್ಲೇಟು ಹಂಚುವಾಗ ಏನು ಓದುತ್ತಿದ್ದಾರೆ ಅನ್ನುವುದರ ಕಡೆ ಒಂದು ಕಿವಿ ಇರಲಿ.

ಈ ವರ್ಷ ಕಬ್ಬು ಕಡಿದು ಮುಗಿದ ಮೇಲೆ ಮಾಳಪ್ಪ ಬಂದ. ನಾನು ಉದ್ಯಾನದ ಕಲ್ಲಿನ ಮೇಲೆ ಕೂತಿದ್ದೆ. ಹಿಂಡು ಎರಡು ಕಲ್ಲುಗಳ ನಡುವೆ ಹಾದು ಹೊಂಡಕ್ಕೆ ಇಳಿಯಿತು. ಅವನು ಬಂದು ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಸಭೆಯ ಸುದ್ದಿ ಅವನಿಗೆ ಏನೂ ಗೊತ್ತಿರಲಿಲ್ಲ.

"ಈ ಸಲಾನೂ ಗೇಟ ಎತ್ತಾಕ ನಿಮ್ಮನ್ನ ಕರೀಬೇಕಾಗತೈತಿ ಅಂತ ಮಾಡಿದ್ದೆರಿ ಯಣ್ಣಾ."

"ಇನ್ನ ಎತ್ತೂದಿಲ್ಲ. ಠರಾವ ಆಗೇತಿ."

"ಹೌದ? ಏನಂತ ಬರದಾರ ಅದರಾಗ?"

ನಡಾವಳಿಯ ಮಾತು ನನಗೆ ಬಾಯಿಪಾಠ ಇತ್ತು. ಹೇಳಲು ಹೋದೆ, ಬೇಡ ಅನಿಸಿತು. ಕೆಳಗೆ ಹೊಂಡದ ದಂಡೆಯುದ್ದಕ್ಕೂ ಕುರಿಗಳು ಸಾಲಾಗಿ ತಲೆ ಬಗ್ಗಿಸಿದ್ದವು.

"ಅಲ್ನೋಡು," ಎಂದೆ. "ಕುಡ್ಯಾಕತ್ತಾವಲ್ಲ, ಅದನ್ನ ಬರದಾರ."